ಪಿಚರ್ ಕೈಗೆ ಬ್ಯಾಟನ್ನೂ ಕೊಡಿ

ಮೊದಲೇ ಹೇಳಿಬಿಡ್ತೀನಿ. ನಾನು ಇಲ್ಲಿ ವಾದಿಸೋಕೆ ಹೊರಟಿರೋದು ಜಾರಿಗೆ ಬಂದರೆ ನಮ್ಮ ಕಾಲೇಜಿನ ಸಾಫ್ಟ್‌ಬಾಲ್ ತಂಡದಲ್ಲಿ ಮೊದಲು ಜಾಗ ಹೋಗೋದು ನಂದೇ. ಎರಡು ವರ್ಷದಿಂದ ನಾನು ತಂಡದಲ್ಲಿ ಇರೋದು ಒಂದೇ ಕೆಲಸಕ್ಕೆ: ನಮ್ಮ ಪಿಚರ್ ಬದಲು ಬ್ಯಾಟ್ ಮಾಡೋದಕ್ಕೆ. ಅವಳು ಚೆಂಡು ಎಸೀತಾಳೆ, ಬ್ಯಾಟ್ ಮುಟ್ಟಲ್ಲ. ನಾನು ಬ್ಯಾಟ್ ಹಿಡೀತೀನಿ, ಫೀಲ್ಡಿಂಗಿಗೆ ಇಳಿಯಲ್ಲ. ನಮ್ಮಿಬ್ಬರಿಗೂ ಸೇರಿಸಿ ಸೀನಿಯರ್ಸ್ ಇಟ್ಟಿರೋ ಹೆಸರು 'ಜಾಯಿಂಟ್ ಅಕೌಂಟ್'.

ಕಳೆದ ಸೆಮಿಸ್ಟರಿನ ಅಂತರ ಕಾಲೇಜು ಪಂದ್ಯ. ಏಳನೇ ಇನ್ನಿಂಗ್ಸ್, ಅಂದರೆ ಕೊನೆಯದು. ನಾವು ಒಂದು ರನ್ ಹಿಂದೆ. ನಮ್ಮ ಹುಡುಗಿ ಮೂರನೇ ಬೇಸ್ ಮೇಲೆ ನಿಂತಿದ್ದಾಳೆ, ಎರಡು ಔಟ್ ಆಗಿದೆ, ಬ್ಯಾಟಿಂಗ್ ಸರದಿ ನಂದು. ಎದುರಿನ ಪಿಚರ್ ಹಾಕ್ತಿದ್ದದ್ದು ಡ್ರಾಪ್ ಬಾಲ್. ಸೊಂಟದ ಎತ್ತರಕ್ಕೆ ಬಂದ ಹಾಗೆ ಕಾಣುತ್ತೆ, ಬ್ಯಾಟ್ ಬೀಸೋ ಹೊತ್ತಿಗೆ ಮೊಣಕಾಲ ಕೆಳಗೆ ಇಳಿದಿರುತ್ತೆ. ಮೂರು ಸಲ ಬೀಸಿದೆ, ಮೂರು ಸಲವೂ ಗಾಳಿಗೆ. ಪಂದ್ಯ ಮುಗೀತು.

ಬಸ್ಸಿನಲ್ಲಿ ನಮ್ಮ ಪಿಚರ್ ನನ್ನ ಪಕ್ಕದಲ್ಲೇ ಕೂತಿದ್ದಳು. ಏಳೂ ಇನ್ನಿಂಗ್ಸ್ ಎಸೆದು ಭುಜಕ್ಕೆ ಐಸ್ ಕಟ್ಟಿಕೊಂಡಿದ್ದಳು. ಸುಮಾರು ಹೊತ್ತು ಸುಮ್ಮನಿದ್ದು ಆಮೇಲೆ ಅಂದಳು, "ನಾನೂ ಅದೇ ಡ್ರಾಪ್ ಹಾಕೋದು ಕಣೇ. ಅದು ಎಲ್ಲಿ ಬೀಳುತ್ತೆ ಅಂತ ನಂಗೆ ಗೊತ್ತಿತ್ತು." ಬೈದಿದ್ದರೆ ವಾಸಿ ಇತ್ತು.

ಸಾಫ್ಟ್‌ಬಾಲ್ ನೋಡದವರಿಗೆ ಎರಡು ಮಾತು. ಬೇಸ್‌ಬಾಲಿನ ತಂಗಿ ಅಂದುಕೊಳ್ಳಿ. ಮೈದಾನ ಚಿಕ್ಕದು, ಚೆಂಡು ದೊಡ್ಡದು, ಇನ್ನಿಂಗ್ಸ್ ಒಂಬತ್ತಲ್ಲ ಏಳು. ಹೆಸರು ಸಾಫ್ಟ್ ಅಂತ ಇದ್ದರೂ ಚೆಂಡು ಸಾಫ್ಟ್ ಅಲ್ಲ, ಮೊಣಕಾಲಿಗೆ ಒಂದು ಬಿದ್ದರೆ ಗೊತ್ತಾಗುತ್ತೆ. ಪಿಚರ್ ಕೈಯನ್ನು ಗಾಣದ ಹಾಗೆ ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಎಸೀತಾಳೆ. ಹೆಂಗಸರ ಆಟದಲ್ಲಿ ದೂರ 43 ಅಡಿ. ಮೈದಾನದಲ್ಲಿ ಒಂಬತ್ತು ಜನ, ಬ್ಯಾಟಿಂಗ್ ಪಟ್ಟಿಯಲ್ಲೂ ಒಂಬತ್ತು ಜನ.

ಇಷ್ಟೇ ಆಗಿದ್ದರೆ ತಕರಾರಿರಲಿಲ್ಲ. ಆದರೆ ಡೆಸಿಗ್ನೇಟೆಡ್ ಪ್ಲೇಯರ್, ಅಂದರೆ ಡಿಪಿ ಅಂತ ಒಂದು ನಿಯಮ ಇದೆ. ಮೈದಾನದಲ್ಲಿರೋ ಒಬ್ಬಳಿಗೆ ಬ್ಯಾಟಿಂಗ್ ತಪ್ಪಿಸಿ ಅವಳ ಬದಲು ಹತ್ತನೆಯವಳನ್ನು ಬ್ಯಾಟಿಂಗಿಗೆ ಕಳಿಸಬಹುದು. ಆ ಹತ್ತನೆಯವಳು ಡಿಪಿ. ಬ್ಯಾಟಿಂಗ್ ತಪ್ಪಿಸಿಕೊಂಡವಳ ಹೆಸರು ಪಟ್ಟಿಯ ಹತ್ತನೇ ಸಾಲಿನಲ್ಲಿ 'ಫ್ಲೆಕ್ಸ್' ಅಂತ ಬರುತ್ತೆ. (ಊರಲ್ಲಿ ಹುಟ್ಟುಹಬ್ಬಕ್ಕೆ ಕಟ್ಟೋ ಫ್ಲೆಕ್ಸ್ ಅಲ್ಲ, ಆದರೆ ಮಳೆಗಾಳಿಗೆ ನಿಂತುಕೊಳ್ಳೋ ಕೆಲಸ ಇಬ್ಬರದೂ ಒಂದೇ.) ನಿಯಮದ ಪ್ರಕಾರ ಫ್ಲೆಕ್ಸ್ ಯಾರು ಬೇಕಾದರೂ ಆಗಬಹುದು. ಆದರೆ ನಾನು ನೋಡಿದ ಪ್ರತಿ ಪಂದ್ಯದಲ್ಲೂ ಆ ಸಾಲಿನಲ್ಲಿ ಇರೋದು ಪಿಚರ್ ಹೆಸರೇ.

ಆ ರಾತ್ರಿ ಹಾಸ್ಟೆಲಿಗೆ ಬಂದು ನಿಯಮಾವಳಿ ತೆಗೆದು ಓದಿದೆ. ಮೊದಲೇ ಓದಬೇಕಿತ್ತು, ಬಿಡಿ. ಡಿಪಿಯ ಜಾಗದಲ್ಲಿ ಫ್ಲೆಕ್ಸ್ ಯಾವಾಗ ಬೇಕಾದರೂ ಬ್ಯಾಟ್ ಮಾಡಬಹುದು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಇಬ್ಬರೂ ಒಂದೇ ಹೊತ್ತಿಗೆ ಬ್ಯಾಟಿಂಗ್ ಪಟ್ಟಿಯಲ್ಲಿ ಇರೋ ಹಾಗಿಲ್ಲ, ಅಷ್ಟೇ. ಹಾಗೆ ಹೊರಬಂದ ಡಿಪಿ ಮುಂದೆ ಒಂದು ಸಲ ತನ್ನ ಸಾಲಿಗೆ ವಾಪಸ್ಸೂ ಬರಬಹುದು. ಅಂದರೆ ಆ ಏಳನೇ ಇನ್ನಿಂಗ್ಸಿನಲ್ಲಿ ನನ್ನನ್ನು ಕೂರಿಸಿ, ಆ ಡ್ರಾಪ್ ಬಾಲನ್ನು ಕೈಯಾರೆ ಬಲ್ಲವಳನ್ನು ಕಳಿಸೋದಕ್ಕೆ ನಿಯಮ ಅಡ್ಡ ಬಂದಿರಲಿಲ್ಲ. ಅಡ್ಡ ಬಂದಿದ್ದು "ಪಿಚರ್ ಬ್ಯಾಟ್ ಮಾಡಲ್ಲ" ಅನ್ನೋ ರೂಢಿ. ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಎಷ್ಟು ವಿಚಿತ್ರ ಅಂತ ಬೇಗ ಅರ್ಥ ಆಗಬೇಕು. ಹನ್ನೊಂದನೇ ಆಟಗಾರನಿಗೆ ಬ್ಯಾಟಿಂಗ್ ಬರದಿದ್ದರೂ ಪ್ಯಾಡ್ ಕಟ್ಟಿಕೊಂಡು ಹೋಗಲೇಬೇಕು. 1996ರ ಅಕ್ಟೋಬರ್ 21ರಂದು ನಮ್ಮ ಚಿನ್ನಸ್ವಾಮಿಯಲ್ಲಿ ನಡೆದ ಟೈಟನ್ ಕಪ್ ಪಂದ್ಯದ ಕಥೆ ಮನೆಯಲ್ಲಿ ಅಪ್ಪನೋ ಮಾವನೋ ಹೇಳಿರ್ತಾರೆ. ಆಸ್ಟ್ರೇಲಿಯಾ ಎದುರು ಗುರಿ 216. 88 ಹೊಡೆದು ಸಚಿನ್ ಔಟಾದಾಗ ಸ್ಕೋರು 164ಕ್ಕೆ 8. ಟಿವಿ ಆರಿಸಿ ಎದ್ದು ಹೋದವರು ಎಷ್ಟೋ ಜನ. ಆಮೇಲೆ ಶ್ರೀನಾಥ್ 30, ಕುಂಬ್ಳೆ 16, ಇಬ್ಬರೂ ಔಟಾಗದೆ ಪಂದ್ಯ ಗೆದ್ದರು. ಇಬ್ಬರೂ ಬೌಲರ್‌ಗಳು, ಇಬ್ಬರೂ ಎಂಜಿನಿಯರಿಂಗ್ ಓದಿದವರು. ಕುಂಬ್ಳೆ ಆರ್‌ವಿಯಲ್ಲಿ ಮೆಕ್ಯಾನಿಕಲ್, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ. ಅದೇ ಕುಂಬ್ಳೆ 2007ರಲ್ಲಿ ಓವಲ್‌ನಲ್ಲಿ ತಮ್ಮ 118ನೇ ಟೆಸ್ಟಿನಲ್ಲಿ ಔಟಾಗದೆ 110 ಹೊಡೆದರು. 664 ರನ್ನಿನ ಆ ಇನ್ನಿಂಗ್ಸಿನಲ್ಲಿ ಶತಕ ಅಂತ ಇದ್ದಿದ್ದು ಅದೊಂದೇ. ಡಿಪಿ ಇದ್ದಿದ್ದರೆ ಈ ಎರಡೂ ಕಥೆ ಹುಟ್ಟುತ್ತಲೇ ಇರಲಿಲ್ಲ.

2023ರಲ್ಲಿ ಐಪಿಎಲ್‌ಗೆ ಇಂಪ್ಯಾಕ್ಟ್ ಪ್ಲೇಯರ್ ಬಂತಲ್ಲ, ಅದು ಹೆಚ್ಚು ಕಡಿಮೆ ಡಿಪಿಯ ದಾಯಾದಿ. ಬ್ಯಾಟ್ ಮಾಡೋನು ಬೇರೆ, ಬೌಲ್ ಮಾಡೋನು ಬೇರೆ. ಇದರಿಂದ ಆಲ್‌ರೌಂಡರ್‌ಗಳ ಬೆಳವಣಿಗೆಗೆ ಪೆಟ್ಟು ಬೀಳುತ್ತೆ ಅಂತ ರೋಹಿತ್ ಶರ್ಮಾನೇ 2024ರಲ್ಲಿ ಬಹಿರಂಗವಾಗಿ ಹೇಳಿದ್ದರು, ದುಬೆ ಮತ್ತು ವಾಷಿಂಗ್ಟನ್ ಸುಂದರ್ ಕೈಗೆ ಬೌಲಿಂಗ್ ಸಿಗ್ತಿಲ್ಲ ಅಂತ. ಆಗ ನಮ್ಮ ಹಾಸ್ಟೆಲ್ ಟಿವಿ ರೂಮಿನಲ್ಲಿ ಎಲ್ಲರೂ ತಲೆ ಆಡಿಸಿದ್ದು ನನಗೆ ನೆನಪಿದೆ. ಅದೇ ಜನ ಮಾರನೇ ದಿನ ಗ್ರೌಂಡಿನಲ್ಲಿ "ಪಿಚರ್‌ಗೆ ಯಾಕಮ್ಮಾ ಬ್ಯಾಟು" ಅಂತಾರೆ.

ಈ ರೂಢಿ ಬಂದಿದ್ದು ಬೇಸ್‌ಬಾಲಿನ ಕಡೆಯಿಂದ. ಅಲ್ಲಿ ಅಮೆರಿಕನ್ ಲೀಗ್ 1973ರಲ್ಲೇ ಪಿಚರ್ ಬದಲಿಗೆ ಬೇರೆಯವನಿಗೆ ಬ್ಯಾಟ್ ಕೊಡ್ತು. ನ್ಯಾಷನಲ್ ಲೀಗ್ ಸುಮಾರು ಐವತ್ತು ವರ್ಷ ಹಠ ಹಿಡಿದು 2022ರಲ್ಲಿ ಪೂರ್ತಿಯಾಗಿ ಒಪ್ಪಿಕೊಳ್ತು. ಕಾರಣ ಸರಳ, ಪಿಚರ್‌ಗಳು ತೀರಾ ಕೆಟ್ಟದಾಗಿ ಬ್ಯಾಟ್ ಮಾಡ್ತಿದ್ದರು. ಆದರೆ ಯಾಕೆ ಕೆಟ್ಟದಾಗಿ ಮಾಡ್ತಿದ್ದರು? ಹದಿನೆಂಟು ವಯಸ್ಸಿಗೆ ಬ್ಯಾಟ್ ಕಿತ್ತುಕೊಂಡು, ಇಪ್ಪತ್ತೈದಕ್ಕೆ ನೂರೈವತ್ತು ಕಿಲೋಮೀಟರ್ ವೇಗದ ಚೆಂಡಿನೆದುರು ನಿಲ್ಲಿಸಿದರೆ ಇನ್ನೇನಾಗುತ್ತೆ? ಲ್ಯಾಬಿಗೆ ಬಿಡದೆ ವೈವಾದಲ್ಲಿ ಫೇಲ್ ಮಾಡಿದ ಹಾಗೆ. ಓಟಾನಿ ಒಬ್ಬ ಬಂದು ಎಸೆಯೋದೂ ಹೊಡೆಯೋದೂ ಎರಡನ್ನೂ ಮಾಡಿ 2021ರಲ್ಲೂ 2023ರಲ್ಲೂ ಎಂವಿಪಿ ಆದಾಗ ಇಡೀ ಜಗತ್ತು ಬಾಯಿ ಮೇಲೆ ಬೆರಳಿಟ್ಟುಕೊಳ್ತು. ಪಿಚಿಂಗ್ ಬಿಟ್ಟ ಮೇಲೂ ಬ್ಯಾಟರ್ ಆಗಿ ಮುಂದುವರಿಯಬಹುದು ಅಂತ 2022ರಲ್ಲಿ ನಿಯಮವನ್ನೇ ತಿದ್ದಿದರು.

ಸಾಫ್ಟ್‌ಬಾಲ್ ಹುಡುಗಿಯರಿಗೆ ಇದು ಹೊಸದೇ ಅಲ್ಲ. ಲೀಸಾ ಫರ್ನಾಂಡಿಸ್ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೋ. 1993ರಲ್ಲಿ ಯುಸಿಎಲ್‌ಎ ವಿದ್ಯಾರ್ಥಿನಿಯಾಗಿ ಇಡೀ ಅಮೆರಿಕದ ಕಾಲೇಜು ಸಾಫ್ಟ್‌ಬಾಲಿನಲ್ಲಿ ಪಿಚಿಂಗ್ ಪಟ್ಟಿಯಲ್ಲೂ ಅವಳೇ ಮೊದಲು, ಬ್ಯಾಟಿಂಗ್ ಪಟ್ಟಿಯಲ್ಲೂ ಅವಳೇ ಮೊದಲು. ಬ್ಯಾಟಿಂಗ್ ಸರಾಸರಿ .510. ಅಂದರೆ ಎರಡು ಸಲ ಬಂದರೆ ಒಂದು ಸಲ ಹಿಟ್ ಖಾತ್ರಿ. ಪಿಚ್ ಮಾಡದ ದಿನ ಮೂರನೇ ಬೇಸಿನಲ್ಲಿ ನಿಂತಿರ್ತಿದ್ದಳು. 1996, 2000, 2004, ಮೂರು ಒಲಿಂಪಿಕ್ಸ್, ಮೂರು ಚಿನ್ನ. ಆಮೇಲೆ ಅದೇ ಯುಸಿಎಲ್‌ಎಯ ರೇಚಲ್ ಗಾರ್ಸಿಯಾ. 2019ರ ಕಾಲೇಜು ವರ್ಲ್ಡ್ ಸೀರೀಸ್ ಸೆಮಿಫೈನಲಿನಲ್ಲಿ ವಾಷಿಂಗ್ಟನ್ ಎದುರು ಹತ್ತು ಇನ್ನಿಂಗ್ಸ್, 179 ಎಸೆತ, ಒಂದೂ ರನ್ ಕೊಡಲಿಲ್ಲ. ಆದರೆ ಅವಳ ತಂಡವೂ ರನ್ ಹೊಡೀತಿರಲಿಲ್ಲ. ಹತ್ತನೇ ಇನ್ನಿಂಗ್ಸಿನಲ್ಲಿ ಅವಳೇ ಬ್ಯಾಟ್ ಎತ್ತಿಕೊಂಡು ಹೋಗಿ ಮೂರು ರನ್ನಿನ ಹೋಂರನ್ ಹೊಡೆದು ಪಂದ್ಯ ಮುಗಿಸಿದಳು. ಆ ವಿಡಿಯೋ ಸಿಕ್ಕರೆ ನೋಡಿ. ಜಪಾನಿನ ಯಮಾಟೋ ಫುಜಿಟಾ ಕೂಡ ಪಿಚರ್ರೇ, ಟೋಕಿಯೋ ಒಲಿಂಪಿಕ್ಸಿನ ಮೊದಲ ಪಂದ್ಯದಲ್ಲೇ ಆಸ್ಟ್ರೇಲಿಯಾ ವಿರುದ್ಧ ಹೋಂರನ್ ಹೊಡೆದವಳು.

"ಅವರೆಲ್ಲಾ ಅವರು, ನೀವು ನೀವು" ಅಂತ ಮೊನ್ನೆ ಒಬ್ಬ ಹೇಳಿದ. ಸರಿ, ನಮ್ಮ ಮಟ್ಟಕ್ಕೇ ಬರೋಣ. ನಮ್ಮ ತಂಡದಲ್ಲಿ ಒಟ್ಟು ಹದಿಮೂರು ಜನ. ಪರೀಕ್ಷೆ ಹತ್ತಿರ ಬಂದರೆ ಗ್ರೌಂಡಿಗೆ ಬರೋದು ಎಂಟು. ಇಷ್ಟು ಚಿಕ್ಕ ತಂಡದಲ್ಲಿ ಪಿಚರ್ ಆಗೋದು ಯಾರು? ಕೈಯಲ್ಲಿ ಬಲ ಇರೋಳು, ಕಣ್ಣು ಚುರುಕಾಗಿರೋಳು, ಒತ್ತಡಕ್ಕೆ ಹೆದರದವಳು. ಅಂದರೆ ತಂಡದ ಅತ್ಯುತ್ತಮ ಆಟಗಾರ್ತಿ. ನಮ್ಮವಳು ಪಿಯುಸಿವರೆಗೂ ಶಾರ್ಟ್‌ಸ್ಟಾಪ್ ಆಡ್ತಿದ್ದಳು, ಮೂರನೇ ಕ್ರಮಾಂಕದಲ್ಲಿ ಬ್ಯಾಟ್ ಮಾಡ್ತಿದ್ದಳು. ಫಸ್ಟ್ ಇಯರಿನಲ್ಲಿ ಅವಳ ಕೈ ನೋಡಿದ ದಿನವೇ ಪಿಚರ್ ಮಾಡಿದರು. ಅವತ್ತಿನಿಂದ ಪಂದ್ಯದಲ್ಲಿ ಒಂದೇ ಒಂದು ಸಲವೂ ಬ್ಯಾಟ್ ಹಿಡಿದಿಲ್ಲ. ತಂಡದ ಅತ್ಯುತ್ತಮ ಆಟಗಾರ್ತಿಯ ಅರ್ಧ ಆಟವನ್ನು ನಾವೇ ಬೀಗ ಹಾಕಿ ಇಟ್ಟಿದ್ದೀವಿ. ಕೀಲಿ ಕಳೆದುಹೋಗ್ತಾ ಇದೆ.

ವಿರೋಧದ ವಾದಗಳಲ್ಲಿ ದೊಡ್ಡದು ಗಾಯ ಮತ್ತು ಆಯಾಸದ್ದು. ಇದನ್ನು ಹಗುರವಾಗಿ ತಳ್ಳಿಹಾಕೋ ಹಾಗಿಲ್ಲ. ಬೇಸ್‌ಬಾಲಿನ ಯಾಂಕೀಸ್ ತಂಡದ ಚೆನ್-ಮಿಂಗ್ ವಾಂಗ್ 2006ರಲ್ಲೂ 2007ರಲ್ಲೂ 19 ಪಂದ್ಯ ಗೆದ್ದ ಪಿಚರ್. 2008ರ ಜೂನಿನಲ್ಲಿ ನ್ಯಾಷನಲ್ ಲೀಗ್ ಮೈದಾನದಲ್ಲಿ ಆಡಬೇಕಾಗಿ ಬಂದು, ಬೇಸ್ ಸುತ್ತ ಓಡುವಾಗ ಪಾದಕ್ಕೆ ಗಾಯ ಮಾಡ್ಕೊಂಡ. ಮತ್ತೆ ಮೊದಲಿನ ವಾಂಗ್ ಆಗಲೇ ಇಲ್ಲ. ಎಸೆಯೋ ಕೈಯ ಬೆರಳಿಗೆ ಚೆಂಡು ತಗುಲಬಹುದು, ಸ್ಲೈಡ್ ಮಾಡುವಾಗ ಮಣಿಕಟ್ಟು ತಿರುಚಬಹುದು. ನಿಜ. ಅದಕ್ಕೆ ದಾರಿಗಳೂ ಇವೆ. ಅಮೆರಿಕದ ಹೈಸ್ಕೂಲ್ ಸಾಫ್ಟ್‌ಬಾಲಿನಲ್ಲಿ ಪಿಚರ್ ಹಿಟ್ ಮಾಡಿ ಬೇಸ್ ಮುಟ್ಟಿದ ಮೇಲೆ ಅವಳ ಬದಲು ಓಡೋದಕ್ಕೆ ಬೇರೆಯವಳನ್ನು ಕಳಿಸೋ ಅವಕಾಶ ಇದೆ. ನಮ್ಮ ಅಂತರ ಕಾಲೇಜು ಪಂದ್ಯಗಳಿಗೂ ಅದನ್ನು ತರಬಹುದು.

ಆದರೆ ಆಯಾಸದ ವಾದ ಕೇಳಿದಾಗ ನನಗೆ ನಗು ಬರುತ್ತೆ, ಸ್ವಲ್ಪ ಸಿಟ್ಟೂ ಬರುತ್ತೆ. ಅವಳ ಕೈ ಉಳಿಸೋದಕ್ಕೆ ಅಂತ ಬ್ಯಾಟ್ ಕಿತ್ತುಕೊಳ್ಳೋ ನಾವೇ, ಅವಳ ಕೈಯಲ್ಲಿ ಏಳಕ್ಕೆ ಏಳೂ ಇನ್ನಿಂಗ್ಸ್ ಎಸೆಸ್ತೀವಿ. ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಇನ್ನೊಂದು. ಕೆಳಗಿನಿಂದ ಎಸೆಯೋದು ಸಹಜ ಚಲನೆ, ಭುಜಕ್ಕೆ ಏನೂ ಆಗಲ್ಲ ಅನ್ನೋ ಒಂದು ನಂಬಿಕೆ ಬೇರೆ ಇದೆ. ಆಗುತ್ತೆ. ಭುಜದ ಮುಂಭಾಗದಲ್ಲಿ ಬೈಸೆಪ್ಸ್ ಸ್ನಾಯು ಮೂಳೆಗೆ ಕೂಡೋ ಕಡೆ ನೋವು ಶುರುವಾಗೋದು ವಿಂಡ್‌ಮಿಲ್ ಪಿಚರ್‌ಗಳಲ್ಲಿ ಮಾಮೂಲು. ದಿನಕ್ಕೆ ನಾಲ್ಕು ಸಲ ಬ್ಯಾಟ್ ಬೀಸೋದು ಆ ನೋವಿಗೆ ಕಾರಣ ಅಲ್ಲ. ನೂರಿಪ್ಪತ್ತು ಸಲ ಕೈ ಸುತ್ತಿಸೋದು ಕಾರಣ.

2008ರ ಬೀಜಿಂಗ್ ಒಲಿಂಪಿಕ್ಸ್ ನೆನಪು ಮಾಡಿಕೊಳ್ಳಿ. ಜಪಾನಿನ ಯುಕಿಕೋ ಉಎನೋ ಒಂದೇ ದಿನ ಅಮೆರಿಕದ ಎದುರು ಒಂಬತ್ತು ಇನ್ನಿಂಗ್ಸ್, ಆಸ್ಟ್ರೇಲಿಯಾ ಎದುರು ಹನ್ನೆರಡು ಇನ್ನಿಂಗ್ಸ್ ಎಸೆದಳು. ಮಾರನೇ ದಿನ ಫೈನಲಿನಲ್ಲಿ ಮತ್ತೆ ಏಳು. ಎರಡು ದಿನದಲ್ಲಿ 413 ಎಸೆತ. ಜಪಾನ್ 3-1ರಿಂದ ಗೆದ್ದು ಚಿನ್ನ ತಗೊಂಡಿತು, ಅದನ್ನು ಇವತ್ತಿಗೂ ಕಥೆಯಾಗಿ ಹೇಳ್ತಾರೆ. ಎಲ್ಲರ ಕಥೆಯೂ ಹಾಗೆ ಮುಗಿಯಲ್ಲ. ನಿಜಾರಿ ಕ್ಯಾನಡಿ ಅನ್ನೋ ಹುಡುಗಿಯನ್ನು 2024ರಲ್ಲಿ ಟೆಕ್ಸಸ್ ಟೆಕ್ ಹತ್ತು ಲಕ್ಷ ಡಾಲರಿಗೂ ಮೀರಿದ ಒಪ್ಪಂದ ಕೊಟ್ಟು ಸ್ಟ್ಯಾನ್‌ಫರ್ಡಿನಿಂದ ಕರ್ಕೊಂಡು ಬಂತು. ಸ್ಟ್ಯಾನ್‌ಫರ್ಡಿನಲ್ಲಿ ಅವಳದು ಪಿಚಿಂಗ್ ಮಾತ್ರ. ಇಲ್ಲಿ ಬ್ಯಾಟೂ ಸಿಕ್ತು, ಹೋಂರನ್ನೂ ಹೊಡೆದಳು. 2025ರ ವರ್ಲ್ಡ್ ಸೀರೀಸಿನಲ್ಲಿ ಕೊನೆಯ ಪಂದ್ಯದವರೆಗೂ ತಂಡದ ಪ್ರತಿಯೊಂದು ಎಸೆತವೂ ಅವಳದೇ. ಕೊನೆಯ ಪಂದ್ಯದ ಮೊದಲ ಇನ್ನಿಂಗ್ಸಿನಲ್ಲೇ ಟೆಕ್ಸಸ್ ವಿಶ್ವವಿದ್ಯಾಲಯದವರು ಐದು ರನ್ ಹೊಡೆದರು, ಅವಳು ಹೊರಗೆ ಬಂದಳು, ಕಪ್ ಟೆಕ್ಸಸ್ ಪಾಲಾಯಿತು. "ನೋಡಿದ್ಯಾ, ಬ್ಯಾಟಿಂಗ್ ಮಾಡಿಸಿ ಸುಸ್ತು ಮಾಡಿದರು" ಅಂತ ನನ್ನ ಎದುರು ವಾದಿಸಿದವರಿದ್ದಾರೆ. ಅವಳಿಗೆ ಬೇಕಿದ್ದದ್ದು ಬ್ಯಾಟಿನಿಂದ ಬಿಡುವಲ್ಲ ಸ್ವಾಮಿ, ಇನ್ನೊಬ್ಬ ಪಿಚರ್.

ಬೇರೆ ಜಾಗದಲ್ಲಿ ಫೀಲ್ಡಿಂಗ್ ಮಾಡಿಸಬೇಕು ಅನ್ನೋದು ಇಲ್ಲೇ ಉಪಯೋಗಕ್ಕೆ ಬರೋದು. ಪಿಚರ್‌ಗೆ ಫಸ್ಟ್ ಬೇಸೋ ಥರ್ಡ್ ಬೇಸೋ ಗೊತ್ತಿದ್ದರೆ, ನಾಲ್ಕು ಇನ್ನಿಂಗ್ಸ್ ಆದ ಮೇಲೆ ಅವಳನ್ನು ಅಲ್ಲಿಗೆ ಕಳಿಸಿ ಎರಡನೇ ಪಿಚರ್ ಕೈಗೆ ಚೆಂಡು ಕೊಡಬಹುದು. ಭುಜಕ್ಕೆ ವಿಶ್ರಾಂತಿ, ಅವಳೂ ಆಟದಲ್ಲೇ ಇರ್ತಾಳೆ, ಎರಡನೆಯವಳು ಬಸವಳಿದರೆ ಮತ್ತೆ ಕರೀಬಹುದು. ಪಿಚಿಂಗ್ ಬಿಟ್ಟು ಬೇರೇನೂ ಬರದವಳನ್ನು ಹಾಗೆ ಬದಲಾಯಿಸೋಕೆ ಆಗಲ್ಲ, ಬೆಂಚಿಗೇ ಕಳಿಸಬೇಕು. ಅದಕ್ಕೆ ಕೋಚ್ ಹಿಂದೇಟು ಹಾಕ್ತಾರೆ, ಅವಳು ಎಸೀತಾನೇ ಇರ್ತಾಳೆ. ನಮ್ಮ ತಂಡದಲ್ಲಿ ಎರಡನೇ ಪಿಚರ್ ಇನ್ನೂ ತಯಾರಾಗದೇ ಇರೋದಕ್ಕೆ ಇದೇ ಕಾರಣ.

ಇನ್ನೊಂದು ಲಾಭವನ್ನು ಲೆಕ್ಕದಲ್ಲೇ ತೋರಿಸಬಹುದು. 43 ಅಡಿ ಅಂದರೆ ಸುಮಾರು 13.1 ಮೀಟರ್. ಪಿಚರ್ ಮುಂದಕ್ಕೆ ಹೆಜ್ಜೆ ಚಾಚಿ ಎಸೆಯೋದರಿಂದ ಒಂದೂವರೆ ಮೀಟರ್ ಕಳೀರಿ. ಗಾಳಿಯ ತಡೆ ಬಿಟ್ಟುಬಿಡಿ, ನಮ್ಮ ಫಿಸಿಕ್ಸ್ ಪೇಪರಿನಲ್ಲಿ ಯಾವತ್ತೂ ಬಿಟ್ಟೇ ಇರ್ತಾರೆ. ಗಂಟೆಗೆ 80 ಕಿಲೋಮೀಟರಿನ ಚೆಂಡಿಗೆ ಬ್ಯಾಟರ್ ಹತ್ತಿರ ಇರೋದು ಹೆಚ್ಚು ಕಡಿಮೆ ಅರ್ಧ ಸೆಕೆಂಡ್. 110ಕ್ಕೆ ಹೋದರೆ 0.4ಕ್ಕಿಂತ ಕಮ್ಮಿ. ಆ ಅರ್ಧ ಸೆಕೆಂಡಿನಲ್ಲಿ ಬ್ಯಾಟರ್ ಕಣ್ಣಿಗೆ ಏನು ಕಾಣುತ್ತೆ, ಯಾವಾಗ ಮನಸ್ಸು ಗಟ್ಟಿ ಮಾಡ್ತಾಳೆ, ನಿಧಾನದ ಎಸೆತಕ್ಕೆ ಯಾಕೆ ಮೋಸ ಹೋಗ್ತಾಳೆ ಅನ್ನೋದು ಆ ಜಾಗದಲ್ಲಿ ನಿಂತು ನೋಡಿದವಳಿಗೆ ಹೆಚ್ಚು ಗೊತ್ತು. ಬ್ಯಾಟ್ ಬಿಟ್ಟ ಪಿಚರ್ ಮೂರು ವರ್ಷದಲ್ಲಿ ಆ ನೋಟ ಮರೀತಾಳೆ.

ಕೊನೆಗೆ ಉಳಿಯೋ ವಾದ ನನ್ನದೇ. ಡಿಪಿ ಇಲ್ಲದಿದ್ದರೆ ಹತ್ತನೇ ಹುಡುಗಿಗೆ ಅವಕಾಶ ಎಲ್ಲಿ? ಇದನ್ನು ನಾನು ತುಂಬಾ ದಿನ ತಲೆಯಲ್ಲಿ ಇಟ್ಟುಕೊಂಡು ಓಡಾಡಿದೆ. ನನ್ನ ಹೆಸರು ತಂಡದ ಪಟ್ಟಿಯಲ್ಲಿರೋದು, ಟ್ರ್ಯಾಕ್‌ಸೂಟ್ ಸಿಕ್ಕಿದ್ದು, ಹಾಜರಾತಿಗೆ ವಿನಾಯಿತಿ ಸಿಕ್ಕಿದ್ದು ಎಲ್ಲಾ ಆ ನಿಯಮದಿಂದ. ಸುಳ್ಳು ಯಾಕೆ ಹೇಳಲಿ, ಬಿಡೋಕೆ ಮನಸ್ಸಿಲ್ಲ. ಆದರೆ ಎರಡು ವರ್ಷದಲ್ಲಿ ನಾನು ಏನಾಗಿದ್ದೀನಿ ಅಂತ ನೋಡಿಕೊಂಡರೆ, ಚೆಂಡು ನನ್ನ ಕಡೆ ಬಂದರೆ ಹೆದರೋ ಸಾಫ್ಟ್‌ಬಾಲ್ ಆಟಗಾರ್ತಿ. ಅವಳಿಗೆ ಬ್ಯಾಟಿಂಗ್ ಮರೆತುಹೋಯ್ತು, ನನಗೆ ಫೀಲ್ಡಿಂಗ್ ಬರಲೇ ಇಲ್ಲ. ಒಬ್ಬಳು ಪೂರ್ತಿ ಆಟಗಾರ್ತಿ ಇರಬೇಕಾದ ಜಾಗದಲ್ಲಿ ಎರಡು ಅರ್ಧರ್ಧ. ನಮ್ಮಿಬ್ಬರಲ್ಲಿ ಯಾರೂ ಮುಂದೆ ಯಾವ ರಾಷ್ಟ್ರೀಯ ತಂಡಕ್ಕೂ ಹೋಗೋರಲ್ಲ. ನಾಲ್ಕು ವರ್ಷ ಆಡಿ, ಡಿಗ್ರಿ ತಗೊಂಡು, ಯಾವುದೋ ಕಂಪನಿ ಸೇರ್ತೀವಿ. ಅಂಥ ನಮಗೆ ವೃತ್ತಿಪರ ಲೀಗಿನ ಕೆಲಸ ಹಂಚಿಕೆ ಯಾಕೆ?

ವಿಶ್ವವಿದ್ಯಾಲಯ ಮಟ್ಟದ ಫೈನಲ್ಲೇ ಇದ್ದರೆ, ಅದೂ ಒಂದೇ ದಿನ ಎರಡು ಪಂದ್ಯ ಇದ್ದರೆ, ಡಿಪಿ ಇಟ್ಟುಕೊಳ್ಳಿ. ನಾನು ಬೇಡ ಅನ್ನಲ್ಲ. ಉಳಿದ ದಿನ ಪಿಚರ್ ಹೆಸರು ಬ್ಯಾಟಿಂಗ್ ಪಟ್ಟಿಯಲ್ಲಿ ಇರಲಿ. ಅಭ್ಯಾಸದಲ್ಲಂತೂ ದಿನಾ ಹದಿನೈದು ನಿಮಿಷ ಬ್ಯಾಟು, ಹದಿನೈದು ನಿಮಿಷ ಇನ್‌ಫೀಲ್ಡು. ಐದರಿಂದ ಏಳರವರೆಗಿನ ನಮ್ಮ ಎರಡು ಗಂಟೆಯಲ್ಲಿ ಅಷ್ಟು ಜಾಗ ಇದೆ. ಹೇಗೂ ಮೊದಲ ಇಪ್ಪತ್ತು ನಿಮಿಷ ಫುಟ್‌ಬಾಲಿನವರ ಜೊತೆ ಗ್ರೌಂಡಿಗೆ ಜಗಳ ಆಡೋದರಲ್ಲೇ ಹೋಗುತ್ತೆ.

ಇದನ್ನೆಲ್ಲಾ ಕೋಚ್ ಹತ್ತಿರ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಿನ್ನ ಜಾಗ ಹೋಗುತ್ತಲ್ಲಮ್ಮಾ" ಅಂದರು. ಹೌದು ಸರ್ ಅಂದೆ. "ನೋಡೋಣ" ಅಂದರು. ನಮ್ಮ ಕಾಲೇಜಿನಲ್ಲಿ ನೋಡೋಣ ಅಂದರೆ ಏನು ಅಂತ ನಿಮಗೂ ಗೊತ್ತು. ಆದರೆ ಕಳೆದ ವಾರದಿಂದ ಅಭ್ಯಾಸ ಮುಗಿದ ಮೇಲೆ ಅವಳಿಗೆ ಒಂದು ಬಕೆಟ್ ಚೆಂಡು ಹಾಕೋಕೆ ಒಪ್ಪಿದ್ದಾರೆ. ಮೊದಲ ದಿನ ಪಾಪ ಎಲ್ಲಾ ಫೌಲ್. ಮೂರನೇ ದಿನ ಒಂದು ವರ್ಕ್‌ಶಾಪಿನ ಶೀಟಿನ ಮೇಲೆ ಬಿತ್ತು, ಒಳಗಿನಿಂದ ಯಾರೋ ಕೂಗಾಡಿದರು, ನಾವು ಓಡಿದೆವು.

ಅವಳು ಹೊಡೆಯೋ ಹೊತ್ತಿನಲ್ಲಿ ನಾನು ರೈಟ್ ಫೀಲ್ಡಿನಲ್ಲಿ ನಿಲ್ತಾ ಇದ್ದೀನಿ, ಜೂನಿಯರ್ ಒಬ್ಬಳ ಗ್ಲೌಸ್ ಸಾಲ ತಗೊಂಡು. ಮೊದಲ ದಿನ ಹತ್ತಕ್ಕೆ ಮೂರು ಹಿಡಿದೆ. ನಿನ್ನೆ ಆರು.